ತೊಗರಿ ಬಿತ್ತನೆ ಬೀಜ ಮನೇಲೇ ಆರಿಸಿಡೋದು ಹೇಗೆ, ಕಾಳೊಳಗಿನ ಪ್ರೋಟೀನಿಗೂ ಅದಕ್ಕೂ ಏನು ಸಂಬಂಧ

ಬಿತ್ತನೆಗೆ ಅಂತ ಮನೆ ತೊಗರಿ ಎತ್ತಿಡೋವಾಗ ನಾವು ಬಣ್ಣ ನೋಡ್ತೀವಿ, ದಪ್ಪ ನೋಡ್ತೀವಿ, ಹುಳ ಇಲ್ಲ ಅಂದ್ರೆ ಚೀಲ ಕಟ್ಟಿಬಿಡ್ತೀವಿ. ಅಷ್ಟು ಸಾಲಲ್ಲ. ಮೊಳಕೆಗೆ ಬೇರು, ಎಲೆ ಸರಿಯಾಗಿ ಬರೋ ತನಕ ಊಟ ಕೊಡೋದು ಕಾಳಿನ ಎರಡು ಬೇಳೆ, ಅದರಲ್ಲಿ ಪಿಷ್ಟದ ಜೊತೆ ಸುಮಾರು 20-22% ಪ್ರೋಟೀನ್ ಇರತ್ತೆ. ಅದರಲ್ಲಿ ಹೆಚ್ಚಿನ ಪಾಲು ಗ್ಲಾಬ್ಯುಲಿನ್ ಅನ್ನೋ ಬಗೆಯ ಪ್ರೋಟೀನ್, ಗಿಡ ತನ್ನ ಮರಿಗೆ ಕಟ್ಟಿಕೊಡೋ ಬುತ್ತಿ ಅಂದ್ಕೊಳ್ಳಿ. ಸಣ್ಣ ಪಾಲು ಆಲ್ಬ್ಯುಮಿನ್ ಅನ್ನೋ ಇನ್ನೊಂದು ಬಗೆ, ಕಾಳಿನ ಎಷ್ಟೋ ಎನ್ಜೈಮುಗಳು (ಜೀವಕೋಶದ ಕೆಲಸ ನಡೆಸೋ ಪ್ರೋಟೀನುಗಳು) ಈ ಗುಂಪಿಗೇ ಸೇರ್ತವೆ.

ಹಾಗಂತ ಪ್ರೋಟೀನ್ ಶೇಕಡಾ ಜಾಸ್ತಿ ಇದ್ರೆ ಒಳ್ಳೆ ಬೀಜ ಅಂತ ಅಲ್ಲ. ಒಂದು ಕಾಳಲ್ಲಿ ಒಟ್ಟು ಎಷ್ಟು ತುಂಬಿದೆ, ಅದು ಕೆಡದೆ ಉಳಿದಿದೆಯಾ, ಅದನ್ನ ನೋಡ್ಬೇಕು.

ಹೊಲದಲ್ಲೇ ಶುರು ಮಾಡಿ. ಹೂ ಬಿಡೋ ಮುಂಚೆ ಒಂದೆರಡು ಗಿಡ ಹುಷಾರಾಗಿ ಅಗೆದು ಬೇರಿನ ಗಂಟು ಕುಯ್ದು ನೋಡಿ, ಒಳಗೆ ಗುಲಾಬಿ ಬಣ್ಣ ಇದ್ರೆ ಗಾಳಿಯ ಸಾರಜನಕ ಹಿಡೀತಿದೆ ಅಂತ ಅರ್ಥ, ಪ್ರೋಟೀನ್ ಕಟ್ಟೋಕೆ ಬೇಕಾಗಿರೋದು ಅದೇ. ಗಂಧಕ ಕಡಿಮೆ ಇರೋ ಮಣ್ಣಾದ್ರೆ ಮಣ್ಣು ಪರೀಕ್ಷೆ ನೋಡ್ಕೊಂಡು ಜಿಪ್ಸಮ್ ಇಲ್ಲಾ ಸಿಂಗಲ್ ಸೂಪರ್ ಫಾಸ್ಫೇಟ್ ಕೊಡಿ, ಯಾಕಂದ್ರೆ ಪ್ರೋಟೀನ್ ಕಟ್ಟೋ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಮೆಥಿಯೊನಿನ್, ಸಿಸ್ಟೀನ್ ಎರಡಕ್ಕೂ ಗಂಧಕ ಬೇಕು, ಬೇಳೆಕಾಳಲ್ಲಿ ಅವು ಮೊದಲೇ ಕಮ್ಮಿ. ಜೋಳದ ರೊಟ್ಟಿ, ಅನ್ನದ ಜೊತೆ ಬೇಳೆ ತಿಂದ್ರೆ ಆ ಕೊರತೆ ತುಂಬತ್ತೆ, ಜೋಳ, ಅಕ್ಕಿಯಲ್ಲಿ ಕಮ್ಮಿ ಇರೋ ಲೈಸಿನ್ ಅನ್ನೋ ಅಮೈನೋ ಆಮ್ಲವನ್ನ ಬೇಳೆ ಕೊಡತ್ತೆ, ನಮ್ಮ ಹಿರಿಯರ ಊಟ ಎಷ್ಟು ಸರಿಯಾಗಿತ್ತು ನೋಡಿ.

ಕೊಯ್ಲಾದ್ಮೇಲೆ ಮೊರದಲ್ಲಿ ಕೇರಿ ಜೊಳ್ಳು, ಮುರುಕು, ಸುಕ್ಕು ಕಾಳು ತೆಗೀರಿ. ಉಳಿದಿದ್ದರಲ್ಲಿ ನೂರು ಕಾಳು ತೂಗಿ ಬರೆದಿಟ್ಕೊಳ್ಳಿ, ಅದೇ ತಳಿ ಹಗುರ ಬಂದ್ರೆ ಆ ವರ್ಷ ಬುತ್ತಿ ಕಮ್ಮಿ ಅಂತ. ಬಡಿಯೋವಾಗ ಜೋರು ಏಟು ಬೇಡ, ಕಾಳೊಳಗೆ ಕಣ್ಣಿಗೆ ಕಾಣದ ಬಿರುಕು ಬರತ್ತೆ.

ಒಣಗಿಸೋದೇ ಅರ್ಧ ಕೆಲಸ. ತೇವಾಂಶ 9% ಒಳಗೆ ಬರ್ಬೇಕು, ಕಾಳು ಹಲ್ಲಲ್ಲಿ ಕಡಿದ್ರೆ ಕಟ್ ಅಂತ ಮುರೀಬೇಕು. ನಾನೊಂದ್ಸಲ ಆತುರದಲ್ಲಿ ಅರೆಬರೆ ಒಣಗಿದ್ದನ್ನ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದೆ, ಮುಂಗಾರಿಗೆ ಬಿಚ್ಚಿದ್ರೆ ನೋಡೋಕೆ ಚೆನ್ನಾಗೇ ಇತ್ತು, ಬಿತ್ತಿದ್ಮೇಲೆ ಸಾಲೆಲ್ಲಾ ಬೋಳು ಬೋಳು. ಸೆಕೆ, ತೇವ ಎರಡೂ ಸೇರಿದ್ರೆ ಕಾಳೊಳಗಿನ ಸಕ್ಕರೆ ಪ್ರೋಟೀನಿಗೆ ಅಂಟ್ಕೊಳ್ಳತ್ತೆ, ಎನ್ಜೈಮು ಕೆಲಸ ಮಾಡಲ್ಲ, ಜೀವಕೋಶದ ಪೊರೆ ಸೋರತ್ತೆ, ಹೊರಗಿಂದ ಏನೂ ಗೊತ್ತಾಗಲ್ಲ. ಇನ್ನು ದುಂಬಿ ಮರಿ ನೇರ ಬೇಳೆಯನ್ನೇ ಕೊರೆದು ತಿನ್ನತ್ತೆ. ಅದಕ್ಕೆ ಚೆನ್ನಾಗಿ ಒಣಗಿದ ಕಾಳಿಗೆ ಕೆಜಿಗೆ ಸುಮಾರು 5 ಮಿಲಿ ಅಡುಗೆ ಎಣ್ಣೆ ಸವರಿ ಗಾಳಿ ಆಡದ ಡಬ್ಬಿಗೆ ಹಾಕಿ ತಂಪಲ್ಲಿಡಿ, ಇಲ್ಲಾ ರಾಗಿ ಒಳಗೆ ಹೂತಿಡಿ.

ಬಿತ್ತೋಕೆ ಹದಿನೈದು ದಿನ ಮುಂಚೆ ಎರಡು ಪರೀಕ್ಷೆ. ಹಳೆ ಬೀಜ, ಹೊಸ ಬೀಜ ಬೇರೆ ಬೇರೆ ಲೋಟದಲ್ಲಿ ರಾತ್ರಿ ನೆನೆಹಾಕಿ, ಒಂದರ ನೀರು ಇನ್ನೊಂದಕ್ಕಿಂತ ಮಬ್ಬಾಗಿ ಅಂಟಂಟಾಗಿದ್ರೆ ಒಳಗಿನದು ಸೋರ್ತಿದೆ ಅಂತ ಅನುಮಾನ ಪಡಿ (ಸಿಪ್ಪೆ ಬಣ್ಣ ಬಿಡೋದು ಬೇರೆ, ಅದಕ್ಕೆ ಹೆದರ್ಬೇಡಿ, ಹೋಲಿಸೋವಾಗ ಒಂದೇ ತಳಿ ತಗೊಳ್ಳಿ). ಆಮೇಲೆ ನೂರು ಕಾಳು ಎಣಿಸಿ ಒದ್ದೆ ಗೋಣಿ ಚೀಲದಲ್ಲಿ ಸುತ್ತಿ, ಒಣಗೋಕೆ ಬಿಡದೆ ವಾರ ಇಟ್ಟು, ಬೇರು ಮತ್ತು ಚಿಗುರು ಎರಡೂ ಗಟ್ಟಿಯಾಗಿ ಬಂದಿದ್ದನ್ನ ಮಾತ್ರ ಲೆಕ್ಕ ಹಾಕಿ. ತೊಗರಿ ಪ್ರಮಾಣಿತ ಬೀಜಕ್ಕೆ ಕನಿಷ್ಠ 75% ಮೊಳಕೆ ಇರಬೇಕು. ನಿಮ್ಮದು 70ರ ಹತ್ತಿರ ಬಂದ್ರೆ ಬೀಜದ ಪ್ರಮಾಣ ಸ್ವಲ್ಪ ಜಾಸ್ತಿ ಮಾಡಿ, 50 ಕೆಳಗಿದ್ರೆ ಬೇಯಿಸಿ ಸಾರು ಮಾಡಿ, ಎಣ್ಣೆ ಬಿಟ್ಟು ಬೇರೆ ಔಷಧಿ ಸವರಿದ್ರೆ ಮಾತ್ರ ತಿನ್ಬೇಡಿ, ಬಿತ್ತನೆಗೆ ಬೇರೆ ಬೀಜ ತನ್ನಿ.