ಓಶನ್‌ಸೈಡಿಂದ ಅನಾಪೊಲಿಸ್‌ವರೆಗೆ: ರಾಮ್ ರೇಸಲ್ಲಿ ನನ್ನ ಅನುಭವ

2019ರ ಜೂನಲ್ಲಿ ನಾವು ಎಂಟು ಜನ ಸೇರಿ ರೇಸ್ ಅಕ್ರಾಸ್ ಅಮೆರಿಕಾ ಮುಗಿಸಿದ್ವಿ, ಸೈಕಲ್ ಹೊಡೆಯೋರೆಲ್ಲ ಇದನ್ನ ರಾಮ್ ಅಂತ ಕರೀತಾರೆ. ಆ ವರ್ಷ ಕ್ಯಾಲಿಫೋರ್ನಿಯಾದ ಓಶನ್‌ಸೈಡ್ ಕಡಲ ದಂಡೆಯಿಂದ ಶುರು, ಮೇರಿಲ್ಯಾಂಡಿನ ಅನಾಪೊಲಿಸ್ ದಕ್ಕೆಯಲ್ಲಿ ಮುಕ್ತಾಯ, ಮಧ್ಯೆ ಹನ್ನೆರಡು ರಾಜ್ಯ, ಸುಮಾರು 3,000 ಮೈಲಿ, ಅಂದ್ರೆ 4,800 ಕಿಲೋಮೀಟರ್. ಟೂರ್ ಡಿ ಫ್ರಾನ್ಸ್ ಥರ ದಿನಕ್ಕೊಂದು ಸ್ಟೇಜ್ ಮುಗಿಸಿ ಹೋಟೆಲಲ್ಲಿ ಮಲಗೋದು ಇಲ್ಲಿಲ್ಲ, ಗಡಿಯಾರ ಒಂದ್ಸಲ ಶುರುವಾದ್ರೆ ಕೊನೇವರೆಗೂ ನಿಲ್ಲಲ್ಲ. ಟೀಮಿಗೆ 9 ದಿನ ಗಡುವು. ನಮಗೆ 7 ದಿನ 14 ಗಂಟೆ ಹಿಡೀತು.

ಯಾಕೆ ಮಾಡಿದ್ವಿ ಅನ್ನೋದು ಮೊದ್ಲು ಹೇಳ್ಬೇಕು. ನನ್ನ ಮಗಳಿಗೆ 2016ರಲ್ಲಿ, ಏಳು ವರ್ಷಕ್ಕೆ, ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯ್ತು. ಎರಡು ವಾರದಿಂದ ಬರೀ ನೀರು ನೀರು ಅಂತಿದ್ಲು, ರಾತ್ರಿ ಎದ್ದೆದ್ದು ಬಾತ್ರೂಮಿಗೆ ಹೋಗ್ತಿದ್ಲು, ಫ್ರಾಕು ಸಡಿಲ ಆಗಿತ್ತು, ನಾವು ಬೆಳೀತಿದಾಳೆ ಅಂದ್ಕೊಂಡ್ವಿ. ಊರಿಂದ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ, ಸ್ವೀಟ್ ಜಾಸ್ತಿ ಕೊಡ್ತಿದ್ರಾ ಅಂತ. ಇದು ಸ್ವೀಟಿಂದ ಬರೋ ಕಾಯಿಲೆ ಅಲ್ಲ. ಮೈಯನ್ನ ಕಾಯಬೇಕಾದ ರೋಗನಿರೋಧಕ ಶಕ್ತಿನೇ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸೋ ಬೀಟಾ ಕೋಶಗಳನ್ನ ಕೊಂದು ಹಾಕತ್ತೆ. ಟೊರೊಂಟೋದಲ್ಲಿ ಬ್ಯಾಂಟಿಂಗ್, ಬೆಸ್ಟ್ ಇನ್ಸುಲಿನ್ ಕಂಡುಹಿಡಿದಿದ್ದು 1921ರಲ್ಲಿ, ಅದರಿಂದ ಮಕ್ಕಳು ಬದುಕ್ತಿದಾರೆ, ಆದ್ರೆ ವಾಸಿ ಆಗಲ್ಲ. ವಾಸಿ ಮಾಡೋ ದಾರಿ ಹುಡುಕ್ಬೇಕು ಅಂದ್ರೆ ಸಂಶೋಧನೆ ನಡೀಬೇಕು, ಸಂಶೋಧನೆಗೆ ದುಡ್ಡು ಬೇಕು.

ನಾವಿರೋದು ಮೇರಿಲ್ಯಾಂಡಲ್ಲಿ, ಅನಾಪೊಲಿಸ್ ನಮ್ಮನೆಗೆ ಹತ್ರ. 2017ರಲ್ಲಿ ಭಾರತೀಯ ಸೇನೆಯ ಡಾಕ್ಟರ್ ಶ್ರೀನಿವಾಸ ಗೋಕುಲನಾಥ್ ಈ ರೇಸನ್ನ ಒಬ್ಬರೇ ಮುಗಿಸಿದ್ರು, 11 ದಿನ 18 ಗಂಟೆ ಚಿಲ್ಲರೆ, ಸೋಲೋ ಮುಗಿಸಿದ ಮೊದಲ ಭಾರತೀಯ. ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಒಬ್ಬರ ಕೈಲಿ ಆಗೋದಾದ್ರೆ ಎಂಟು ಜನ ಹಂಚ್ಕೊಂಡ್ರೆ ಯಾಕಾಗಲ್ಲ ಅನ್ನಿಸ್ತು.

ಟೀಮ್ ಕಟ್ಟೋಕೆ ಒಂದು ವರ್ಷ ಹಿಡೀತು. ಎಂಟು ಜನ ಸೈಕಲ್ ಹೊಡೆಯೋರು, ಹನ್ನೊಂದು ಜನ ಕ್ರೂ, ಅಂದ್ರೆ ಜೊತೆಗೆ ವ್ಯಾನಲ್ಲಿ ಬಂದು ನಮ್ಮನ್ನ ನೋಡ್ಕೊಳ್ಳೋರು. ಕ್ರೂ ಚೀಫ್ ಮಂಗಳೂರು ಕಡೆಯ ಒಬ್ಬ ನರ್ಸ್, ಎಲ್ಲರಿಗೂ ಅಕ್ಕ. ಎಂಟರಲ್ಲಿ ಒಬ್ಬ ಹಾಸನದ ಹುಡುಗ, ಅವನಿಗೂ ಹನ್ನೊಂದು ವರ್ಷದಿಂದ ಟೈಪ್ 1. ಕೆಲವರು ಅವನನ್ನ ಸೇರಿಸ್ಕೊಳ್ಳೋದು ರಿಸ್ಕು ಅಂದ್ರು. ಅವನು ಸಿಟ್ಟು ಮಾಡ್ಕೊಳ್ದೆ ಹೇಳ್ದ, 2007ರಲ್ಲಿ ಟೀಮ್ ಟೈಪ್ 1 ಅಂತ ಎಂಟು ಜನ ಬಂದಿದ್ರು ಸರ್, ಎಂಟೂ ಜನಕ್ಕೆ ಟೈಪ್ 1 ಇತ್ತು, ಅವರ ವಿಭಾಗ ಗೆದ್ದೇ ಹೋದ್ರು ಅಂತ. ಆಮೇಲೆ ಯಾರೂ ಮಾತಾಡ್ಲಿಲ್ಲ.

ದುಡ್ಡಿನ ವಿಷ್ಯ. ಮೊದಲನೇ ಮೀಟಿಂಗಲ್ಲೇ ಒಂದು ನಿಯಮ ಮಾಡ್ಕೊಂಡ್ವಿ, ದೇಣಿಗೆ ದುಡ್ಡು ನಮ್ಮ ಕೈಗೆ ಬರಲೇಬಾರದು. ಕೊಡೋರು ನೇರ ಸಂಶೋಧನಾ ಸಂಸ್ಥೆಗೇ ಕೊಡ್ಬೇಕು, ರಸೀದಿ ಅಲ್ಲಿಂದಲೇ ಬರ್ಬೇಕು. ಎಂಟ್ರಿ ಫೀಸು, ವ್ಯಾನ್ ಬಾಡಿಗೆ, ಪೆಟ್ರೋಲು, ವಿಮಾನದ ಟಿಕೆಟ್ಟು, ಎಲ್ಲಾ ನಮ್ಮ ಜೇಬಿಂದ. ಯಾರಾದ್ರೂ ಇಂಥದ್ದು ಮಾಡೋದಿದ್ರೆ ಇದೊಂದನ್ನ ಬಿಡಬೇಡಿ, ಯಾಕಂದ್ರೆ ದಾನಿಗಳು ಕೇಳೋ ಮೊದಲ ಪ್ರಶ್ನೆನೇ ಅದು, ನಾನು ಕೊಟ್ಟ ದುಡ್ಡಲ್ಲಿ ನೀವು ಟೂರ್ ಹೊಡೀತೀರಾ ಅಂತ. ನೇರವಾಗಿ ಇಲ್ಲ ಅನ್ನೋಕಾಗ್ಬೇಕು. ಇನ್ನೊಂದು, ಇಲ್ಲಿ ತುಂಬಾ ಕಂಪನಿಗಳು ನೌಕರರು ಕೊಟ್ಟಷ್ಟೇ ದುಡ್ಡನ್ನ ತಾವೂ ಸೇರಿಸ್ತಾರೆ, ಅದಕ್ಕೆ ಫಾರ್ಮ್ ತುಂಬ್ಬೇಕು, ಜನ ಮರೀತಾರೆ, ಮರೆತವರಿಗೆಲ್ಲ ಫೋನ್ ಮಾಡೋದಕ್ಕೇ ಒಬ್ಬರನ್ನ ಇಟ್ವಿ.

ದೇಣಿಗೆ ಕೇಳಿ ಕಳಿಸಿದ ನನ್ನ ಮೊದಲ ಇ-ಮೇಲಲ್ಲಿ ಎಷ್ಟು ಮೈಲಿ, ಎಷ್ಟು ಬೆಟ್ಟ ಅಂತೆಲ್ಲ ಬರೆದಿದ್ದೆ, ಯಾರೂ ಅಷ್ಟಾಗಿ ಕೊಡ್ಲಿಲ್ಲ. ಎರಡನೇ ಸಲ ಮಗಳ ಒಂದು ದಿನ ಬರೆದೆ, ಊಟಕ್ಕೆ ಮುಂಚೆ ತಟ್ಟೆ ನೋಡಿ ಎಷ್ಟು ಇನ್ಸುಲಿನ್ ಬೇಕು ಅಂತ ಲೆಕ್ಕ ಹಾಕೋದು, ಶುಗರ್ ತೀರಾ ಇಳಿದಿದೆ ಅಂತ ಮಧ್ಯರಾತ್ರಿ ಅಲಾರಂ, ನಿದ್ದೆಗಣ್ಣಲ್ಲಿ ಜ್ಯೂಸ್ ಕುಡಿಸೋದು, ಅಷ್ಟೇ. ಆಗ ಬಂತು ದುಡ್ಡು. ಯುಗಾದಿ ಕಾರ್ಯಕ್ರಮದಲ್ಲಿ ಹೋಳಿಗೆ ಸ್ಟಾಲ್ ಹಾಕಿದ್ವಿ, ಮಗನ ಮನೆಗೆ ಬಂದಿದ್ದ ದಾವಣಗೆರೆ ಕಡೆಯ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ಡಾಲರ್ ಕೊಟ್ರು. ಅವರ ತಮ್ಮ ಒಂಬತ್ತು ವರ್ಷಕ್ಕೇ ಹೋಗಿಬಿಟ್ನಂತೆ, ಸಣ್ಣಗಾಗ್ತಾ ಆಗ್ತಾ, ಹಳ್ಳಿಯಲ್ಲಿ ಅದೇನಂತ ಯಾರಿಗೂ ಗೊತ್ತಾಗ್ಲಿಲ್ಲ. ‘ನಿನ್ನ ಮಗಳದ್ದು ಓದಿ ಹೇಳಿದ್ರು ನೋಡಪ್ಪ, ಅವಂದೂ ಹಿಂಗೇ ಇತ್ತು’ ಅಂದ್ರು. ದುಡ್ಡು ಕೈಗೆ ಬರಬಾರದು ಅನ್ನೋ ನಿಯಮ ಇದ್ರೂ, ಅಜ್ಜಿ ಹೋದ್ಮೇಲೂ ಆ ನೋಟು ಸ್ವಲ್ಪ ಹೊತ್ತು ನನ್ನ ಕೈಯಲ್ಲೇ ಇತ್ತು.

ತರಬೇತಿ ಬಗ್ಗೆ ಜಾಸ್ತಿ ಹೇಳಲ್ಲ. ಉದ್ದುದ್ದ ಸವಾರಿಗಿಂತ ಮುಖ್ಯ ಏನಂದ್ರೆ 25 ನಿಮಿಷ ಜೋರಾಗಿ ಹೊಡೆದು, ಒಂದು ಗಂಟೆ ಸುಮ್ನೆ ಕೂತು, ಮೈ ತಣ್ಣಗಾದ್ಮೇಲೆ ಮತ್ತೆ ಹೊಡೆಯೋದು, ಹೀಗೆ ರಾತ್ರಿ ಇಡೀ. ರೇಸಲ್ಲಿ ಆಗೋದು ಅದೇ. ನಾವು ನಾಲ್ಕು ನಾಲ್ಕು ಜನರ ಎರಡು ಗುಂಪು ಮಾಡ್ಕೊಂಡಿದ್ವಿ, ಒಂದು ಗುಂಪು ಆರು ಗಂಟೆ ರೋಡಲ್ಲಿ, ಇನ್ನೊಂದು ಮುಂದೆ ಹೋಗಿ ತಿಂದು ಮಲಗೋದು. ಗುಂಪೊಳಗೆ ಅರ್ಧರ್ಧ ಗಂಟೆ ಪಾಳಿ. ಪಾಳಿ ಬಿಡಿಸ್ಕೊಳ್ಳೋವಾಗ ಬರೋನ ಮುಂದಿನ ಚಕ್ರ ಹೋಗೋನ ಹಿಂದಿನ ಚಕ್ರಕ್ಕೆ ಸಮ ಬರ್ಬೇಕು, ಆಮೇಲೇ ಹೋಗೋನು ಹೊರಡ್ಬೇಕು. ರಾತ್ರಿ ಆದ್ರೆ ಸೈಕಲ್ ಹಿಂದೆನೇ ವ್ಯಾನ್ ಬರ್ಬೇಕು, ಅದರ ಹೆಡ್‌ಲೈಟ್ ಬೆಳಕು ಬಿಟ್ಟು ಹೊರಗೆ ಹೋಗೋ ಹಾಗಿಲ್ಲ.

ಓಶನ್‌ಸೈಡಲ್ಲಿ ಹೊರಟಾಗ ತಣ್ಣನೆ ಗಾಳಿ, ಅದೇ ದಿನ ಬೆಟ್ಟ ದಾಟಿ ಬೊರೆಗೊ ಸ್ಪ್ರಿಂಗ್ಸ್ ಕಡೆ ಇಳಿಯೋ ರೋಡಿಗೆ ಗ್ಲಾಸ್ ಎಲಿವೇಟರ್ ಅಂತಾರೆ, ಇಳೀತಾ ಇಳೀತಾ ಒಲೆ ಮುಂದೆ ಮುಖ ಇಟ್ಟ ಹಾಗೆ ಬಿಸಿ ಗಾಳಿ ಎದುರಿಗೆ ಬರತ್ತೆ. ಅಲ್ಲಿ ಅಕ್ಕನ ತಲೆಬಿಸಿ ಇದ್ದಿದ್ದು ಇನ್ಸುಲಿನ್ ಬಗ್ಗೆ. ಬಿಸಿಲಿಗೆ ಅದು ಕೆಡತ್ತೆ, ಹಾಗಂತ ಐಸಿಗೆ ತಾಗಿಸಿಟ್ರೆ ಹೆಪ್ಪುಗಟ್ಟಿ ಕೆಡತ್ತೆ. ಹಳೇ ಟವೆಲಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯೊಳಗಿಟ್ಟು, ಆ ಡಬ್ಬಿನ ಐಸ್ ಬಾಕ್ಸಲ್ಲಿ ಇಟ್ಟಿದ್ರು, ಅರ್ಧ ಒಂದು ವ್ಯಾನಲ್ಲಿ, ಅರ್ಧ ಇನ್ನೊಂದರಲ್ಲಿ. ಆ ಬಾಕ್ಸಿಗೆ ಬೇರೆ ಯಾರೂ ಕೈ ಹಾಕೋ ಹಾಗಿರ್ಲಿಲ್ಲ, ಮೊಸರನ್ನ, ಕಲ್ಲಂಗಡಿ ಎಲ್ಲ ಬೇರೆ ಬಾಕ್ಸಲ್ಲಿ.

ಎರಡನೇ ರಾತ್ರಿ ಅರಿಜೋನಾದ ಕಯೆಂಟಾ ದಾಟಿ ಮಾನ್ಯುಮೆಂಟ್ ವ್ಯಾಲಿ ಕಡೆ ಹೋಗ್ತಿದ್ವಿ. ಫೋನಿಗೆ ಸಿಗ್ನಲ್ ಇಲ್ಲ. ಹಾಸನದ ಹುಡುಗನ ತೋಳಲ್ಲಿ ಸೆನ್ಸರ್ ಇತ್ತು, ಐದೈದು ನಿಮಿಷಕ್ಕೆ ಶುಗರ್ ತೋರಿಸತ್ತೆ, ಸಿಗ್ನಲ್ ಇಲ್ದಿದ್ರೆ ಅದು ವ್ಯಾನಲ್ಲಿರೋ ನಮಗೆ ಬರಲ್ಲ. ಅದಕ್ಕೇ ಪ್ರತಿ ಸಲ ಪಾಳಿ ಮುಗಿಸಿ ಬಂದಾಗ ಅಕ್ಕ ‘ನಂಬರ್?’ ಅಂತ ಕೂಗೋರು, ಅವನು ಹೇಳೋನು, ಅವರು ನೋಟ್‌ಬುಕ್ಕಲ್ಲಿ ಬರ್ಕೊಳ್ಳೋರು. ಆ ಸಲ ಅವನು ಹೇಳಿದ್ದು 62, ಬಾಣ ಕೆಳಗೆ, ಅಂದ್ರೆ ಇನ್ನೂ ಇಳೀತಿದೆ ಅಂತ. 70ರ ಕೆಳಗೆ ಬಂದ್ರೆ ಕಮ್ಮಿ ಅಂತ ಲೆಕ್ಕ. ಕೈ ನಡುಗ್ತಿತ್ತು, ಹೆಲ್ಮೆಟ್ ಬಕಲ್ ಬಿಚ್ಚೋಕೆ ಆಗ್ತಿರ್ಲಿಲ್ಲ, ನಾನೇ ಬಿಚ್ಚಿದೆ. ನಾಲ್ಕು ಗ್ಲೂಕೋಸ್ ಮಾತ್ರೆ ಅಗಿದ, ಹದಿನೈದು ನಿಮಿಷ ಕಾದು ಮತ್ತೆ ನೋಡ್ಬೇಕು. ಅವನ ಮುಂದಿನ ಪಾಳಿ ನಾನು ಹೊಡೆದೆ. ವಾಪಸ್ ಬಂದು ನೋಡಿದ್ರೆ 110, ಸರಿಯಾಗಿತ್ತು, ನಗ್ತಿದ್ದ.

ಆಮೇಲೆ ನಮ್ಮ ಗುಂಪು ಮಲಗೋ ಹೊತ್ತಾಯ್ತು, ಎಲ್ರೂ ಬಿದ್ಕೊಂಡ್ವಿ. ಎರಡು ಗಂಟೆ ಆದ್ಮೇಲೆ ಮತ್ತೆ ಅವನ ಅಲಾರಂ. ಜೋರಾಗಿ ಮೈ ದಣಿಸಿದ್ರೆ ಎಷ್ಟೋ ಗಂಟೆ ಆದ್ಮೇಲೂ, ನಿದ್ದೇಲೂ ಶುಗರ್ ಇಳಿಯತ್ತೆ, ಮಗಳಿಗೂ ಈಜಿದ ದಿನ ಹೀಗೇ ಆಗತ್ತೆ. ನಾನು ಮಲಗಿದ್ದಲ್ಲೇ ನೋಡ್ತಿದ್ದೆ, ಅವನು ಕಣ್ಣು ಪೂರ್ತಿ ತೆರೀದೆ ಕೈಯಿಂದ ತಡಕಿ ಜ್ಯೂಸ್ ಡಬ್ಬಿ ತಗೊಂಡ, ಸ್ಟ್ರಾ ಚುಚ್ಚಿದ, ಕುಡ್ದ, ಮತ್ತೆ ಒರಗಿದ. ನನಗೆ ಗಂಟಲು ಕಟ್ಟಿತು. ನಾನು ಸೈಕಲ್ ಇಳಿದು ವ್ಯಾನ್ ಹತ್ತಿದ್ರೆ ನನ್ನ ಪಾಳಿ ಮುಗೀತು, ಇನ್ನೊಬ್ಬ ಹೋಗ್ತಾನೆ. ಇವನ ಪಾಳಿ ಬಿಡಿಸ್ಕೊಳ್ಳೋಕೆ ಯಾರೂ ಇಲ್ಲ, ಹನ್ನೊಂದು ವರ್ಷದಿಂದ. ಮೂರು ವರ್ಷ ಮಗಳನ್ನ ನೋಡ್ಕೊಂಡೂ ಇದು ನನಗೆ ಇಷ್ಟು ಸ್ಪಷ್ಟವಾಗಿ ಹೊಳೆದಿರ್ಲಿಲ್ಲ, ಯಾಕಂದ್ರೆ ಮನೇಲಿ ಜ್ಯೂಸ್ ಹಿಡಿಯೋಕೆ ನಾವಿದೀವಿ.

ಕೊಲೊರಾಡೋದ ವುಲ್ಫ್ ಕ್ರೀಕ್ ಪಾಸ್ ಈ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರ, 10,800 ಅಡಿ ಮೇಲೆ, ಅಲ್ಲಿ ಹತ್ತತ್ತು ನಿಮಿಷದ ಪಾಳಿ ಮಾಡಿ ಹತ್ತಿದ್ವಿ. ಕ್ಯಾನ್ಸಸ್ಸಲ್ಲಿ ಅಡ್ಡ ಗಾಳಿ, ರೋಡು ನೇರ, ಎಷ್ಟು ಹೊಡೆದ್ರೂ ಎದುರಿಗಿರೋ ಧಾನ್ಯದ ಗೋಪುರ ಹತ್ರ ಬರಲ್ಲ. ನನ್ನ ಪ್ರಕಾರ ನಿಜವಾದ ಕಷ್ಟ ಇರೋದು ವೆಸ್ಟ್ ವರ್ಜೀನಿಯಾದಲ್ಲಿ, ಬೆಟ್ಟ ದೊಡ್ಡವಲ್ಲ, ಆದ್ರೆ ಕಡಿದು, ಒಂದಾದ್ಮೇಲೊಂದು, ಅಷ್ಟೊತ್ತಿಗೆ ಆರು ದಿನದ ನಿದ್ದೆ ಬಾಕಿ. ಅಲ್ಲಿ ಒಂದು ಜಗಳಾನೂ ಆಯ್ತು, ತಿರುವು ತಪ್ಪಿಸಿ ಆರು ಮೈಲಿ ಹೆಚ್ಚು ಹೋಗಿದ್ವಿ, ಅಕ್ಕ ಎಲ್ಲರನ್ನೂ ಕೂರಿಸಿ ಬಿಸಿ ತಿಳಿಸಾರು ಕುಡಿಸಿದ್ರು, ಸರಿ ಹೋಯ್ತು.

ಕೊನೇ ದಿನ ಮೇರಿಲ್ಯಾಂಡ್ ಒಳಗೆ ಬಂದಾಗ ನನ್ನದೇ ಪಾಳಿ. ಗೊತ್ತಿರೋ ರಸ್ತೆ ಹೆಸರುಗಳು ಬರೋಕೆ ಶುರುವಾದ್ವು, ದೇಶದ ಆ ತುದಿಯಿಂದ ಸೈಕಲ್ ಹೊಡ್ಕೊಂಡು ಮನೆಗೇ ಬರ್ತಿದೀನಿ ಅಂತ ಆಗ ಮೈಗೆ ತಟ್ತು. ದಕ್ಕೆಗೆ ಎಂಟೂ ಜನ ಒಟ್ಟಿಗೆ ಹೋದ್ವಿ, ಮನೆಯವರೆಲ್ಲ ಬಂದಿದ್ರು. ನನ್ನ ಹೆಂಡ್ತಿ ಅಳ್ತಿದ್ಲು. ಮಗಳು ನನ್ನನ್ನ ಒಂದ್ಸಲ ತಬ್ಬಿ ಬಿಟ್ಟು, ಹಾಸನದ ಹುಡುಗನ ಹತ್ರ ಓಡಿ ಹೋಗಿ ‘ಅಂಕಲ್, ನಿಮ್ ನಂಬರ್ ಎಷ್ಟು?’ ಅಂದ್ಲು. ಅವನು ಸೈಕಲ್ ಮೇಲೆ ಕೂತೇ ಜೇಬಿಂದ ಫೋನ್ ತೆಗೆದು ತೋರಿಸ್ದ, 142. ಅವಳೂ ತನ್ನದು ತೋರಿಸಿದ್ಲು, 118.