ನಮ್ಮ ಮನೆಯಲ್ಲಿ ಕನೆಶಿರೊ, ಅವರ ಮನೆಯಲ್ಲಿ ಕಿಂಜೋ

ಮಗ ಶಾಲೆಯಿಂದ ಬಂದವನೇ ಬ್ಯಾಗ್ ಬಿಸಾಕಿ, "ಅಮ್ಮಾ, ನಮ್ಮ ಸರ್‌ನೇಮ್ ತಪ್ಪಂತೆ" ಅಂದ. ಜಪಾನೀಸ್ ಕಲಿಸುವ ಟೀಚರ್ ಟೋಕಿಯೋ ಕಡೆಯವರು. ಜಪಾನಿ ಹೆಸರು ಬರೆಯುವ ಅಕ್ಷರ ಅರ್ಥಕ್ಕೆ ನಿಂತದ್ದು, ಒಂದನ್ನೇ ಒಂದಕ್ಕಿಂತ ಹೆಚ್ಚು ಥರ ಓದಬಹುದು. ಬೋರ್ಡ್ ಮೇಲೆ ಅವನ ಹೆಸರಿನ ಎರಡು ಅಕ್ಷರ ಬರೆದು, ಇದನ್ನು ಸಾಮಾನ್ಯವಾಗಿ ಕಿಂಜೋ ಅಂತ ಓದ್ತಾರೆ, ಕನೆಶಿರೊ ಅನ್ನೋದು ಅಪರೂಪ ಅಂದರಂತೆ. ಅವರು ಅಂದದ್ದು ಅಪರೂಪ ಅಂತ. ಇವನ ಕಿವಿಗೆ ಬಿದ್ದದ್ದು ತಪ್ಪು ಅಂತ.

ನಾನು ಪುತ್ತೂರು ಕಡೆಯವಳು. ಮದುವೆಯಾಗಿ ಹವಾಯಿಯ ಹೊನೊಲುಲುವಿಗೆ ಬಂದು 16 ವರ್ಷವಾಯಿತು. ಗಂಡನ ಮುತ್ತಜ್ಜ ಜಪಾನಿನ ದಕ್ಷಿಣ ತುದಿಯ ಓಕಿನಾವಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆ ಬಂದವರು, ಇಷ್ಟು ಬಿಟ್ಟರೆ ಆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತಲೂ ಇರಲಿಲ್ಲ. ನನಗೇ ಅದು ತಲೆಗೆ ಹತ್ತಿತು. ಎರಡು ವರ್ಷ ಅದರ ಹಿಂದೆ ಬಿದ್ದೆ. ಹೊರದೇಶದಲ್ಲಿರುವ ಜಪಾನಿ ಹೆಸರಿನ ಮೂಲ ಹುಡುಕಲು ಹೊರಟವರಿಗೆ ಉಪಯೋಗಕ್ಕೆ ಬರಬಹುದು ಅಂತ, ಮಾಡಿದ ತಪ್ಪುಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ತಪ್ಪು, ದುಡ್ಡು ಕೊಟ್ಟದ್ದು. ಹೆಸರಿನ ಇತಿಹಾಸ ತೆಗೆದುಕೊಡುತ್ತೇವೆ ಅನ್ನುವ ಒಂದು ತಾಣಕ್ಕೆ 40 ಡಾಲರ್ ಕಟ್ಟಿದೆ. ಬಂದದ್ದು ಒಂದು ಬಣ್ಣದ ಹಾಳೆ. ಅದರಲ್ಲಿ ಒಂದು ಕುಲಚಿಹ್ನೆ, ಯಾರೋ ಸಮುರಾಯಿ, ಮತ್ತೆ "ಜಗತ್ತಿನಲ್ಲೇ ಅಪರೂಪದ ಹೆಸರು" ಅನ್ನುವ ಸಾಲು. ಓಕಿನಾವಾ 1879ರವರೆಗೆ ರ್ಯೂಕ್ಯೂ ಅನ್ನುವ ಬೇರೆಯೇ ರಾಜ್ಯವಾಗಿತ್ತು, ಆಮೇಲಷ್ಟೇ ಜಪಾನ್ ಅದನ್ನು ತನ್ನ ಪ್ರಾಂತ್ಯ ಮಾಡಿಕೊಂಡಿತು. ಕೂಲಿಗೆ ಬಂದ ರೈತನಿಗೆ ಸಮುರಾಯಿ ಚಿಹ್ನೆ ಎಲ್ಲಿಂದ ಬರಬೇಕು? ಆ ಹಾಳೆ ಈಗಲೂ ಫ್ರಿಜ್ ಮೇಲಿದೆ. ಗಂಡ ಬಿಸಾಕಲು ಬಿಡುವುದಿಲ್ಲ, ನನ್ನನ್ನು ಚುಡಾಯಿಸಲು ಬೇಕಂತೆ.

ಎರಡನೆಯ ತಪ್ಪು ಲೆಕ್ಕದ್ದು. ಯಾವ ಹೆಸರಿನವರು ಎಷ್ಟು ಜನ ಇದ್ದಾರೆ ಅಂತ ಅಂದಾಜು ಕೊಡುವ ಜಪಾನಿ ತಾಣಗಳಿವೆ. ಅವು ಎಣಿಸುವುದು ಅಕ್ಷರಗಳನ್ನು, ಉಚ್ಚಾರವನ್ನಲ್ಲ. ನಮ್ಮ ಹೆಸರಿನ ಮೊದಲ ಅಕ್ಷರ ಚಿನ್ನ, ಎರಡನೆಯದು ಕೋಟೆ. ಆ ಜೋಡಿ ಹಾಕಿ ಹುಡುಕಿದರೆ ಅಪರೂಪದ ಮಾತೇ ಇಲ್ಲ! ಓಕಿನಾವಾದಲ್ಲಿ ಹಿಗಾ ಬಿಟ್ಟರೆ ಅತಿ ಹೆಚ್ಚು ಕೇಳಿಬರುವ ಹೆಸರುಗಳಲ್ಲಿ ಇದೂ ಒಂದು. ಆದರೆ ಅಲ್ಲಿ ಹೆಚ್ಚಿನವರು ಅದನ್ನು ಕಿಂಜೋ ಅನ್ನುತ್ತಾರೆ. ಕನೆಶಿರೊ ಅನ್ನುವವರು ಜಾಸ್ತಿ ಸಿಗುವುದು ನಮ್ಮ ಹವಾಯಿಯಲ್ಲಿ. ಬ್ರೆಜಿಲ್, ಪೆರುಗಳಲ್ಲಿ ಅದೇ ಕನಶಿರೊ ಆಗಿದೆ. ಸಿನಿಮಾ ನೋಡುವವರಿಗೆ ತಕೇಶಿ ಕನೆಶಿರೊ ನೆನಪಾಗಬಹುದು. ಅವರು ಹುಟ್ಟಿದ್ದು ತೈವಾನ್‌ನಲ್ಲಿ, ತಂದೆ ಓಕಿನಾವಾದವರು, ಅಕ್ಷರ ಅವೇ ಎರಡು.

ಹಾಗಾದರೆ ಅಪರೂಪವಾದದ್ದು ಹೆಸರಲ್ಲ, ಅದನ್ನು ಓದುವ ರೀತಿ. ಯಾಕೆ ಹೀಗಾಯಿತು ಅನ್ನುವುದೇ ಆಮೇಲೆ ನನ್ನ ಪ್ರಶ್ನೆಯಾಯಿತು.

ಶುರು ಮಾಡಿದ್ದು ಮಸಣದಿಂದ. ಇದು ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು. ಇಂಗ್ಲಿಷ್ ದಾಖಲೆಯಲ್ಲಿ ಹೆಸರಿನ ಸದ್ದು ಮಾತ್ರ ಉಳಿದಿರುತ್ತದೆ, ಅದೂ ಬರೆದ ಗುಮಾಸ್ತನ ಕಿವಿಗೆ ಬಿದ್ದ ಹಾಗೆ. ಅಕ್ಷರ ಗೊತ್ತಿಲ್ಲದೆ ಜಪಾನಿನಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಹವಾಯಿಯ ಹಳೆಯ ಗೋರಿಕಲ್ಲುಗಳ ಮೇಲೆ ಅಕ್ಷರ ಇರುತ್ತದೆ, ಎಷ್ಟೋ ಸಲ ಊರಿನ ಹೆಸರೂ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ ಕಲ್ಲಿಗೆ ನೀರು ಚಿಮುಕಿಸಿ ಫೋಟೋ ತೆಗೆದೆ. ನಡುಹಗಲಲ್ಲಿ ಏನೂ ಕಾಣದ ಕಲ್ಲು ಆಗ ಪುಸ್ತಕದ ಹಾಗೆ ಓದಲು ಬರುತ್ತದೆ. ಮುತ್ತಜ್ಜನ ಕಲ್ಲಿನ ಬದಿಯಲ್ಲಿ ಓಕಿನಾವಾ ಪ್ರಾಂತ್ಯ, ಶಿಮಾಜಿರಿ ಜಿಲ್ಲೆ, ಒರೊಕು ಊರು ಅಂತಿತ್ತು. ಮಗನ ಟೀಚರ್‌ಗೆ ಫೋಟೋ ಕಳಿಸಿದೆ, ಅವರೇ ಓದಿ ಹೇಳಿದರು. ಪಾಪ, ಒಂದು ಮಾತು ಆಡಿದ್ದಕ್ಕೆ ಎರಡು ವರ್ಷ ನನ್ನ ಕಾಟ ತಡೆದುಕೊಂಡರು.

ಆಮೇಲೆ ಹಡಗಿನ ಪಟ್ಟಿ. ಓಕಿನಾವಾದಿಂದ ಹವಾಯಿಗೆ ಮೊದಲ ಗುಂಪು ಬಂದದ್ದು 1900ರ ಜನವರಿಯಲ್ಲಿ, 26 ಜನ. ಅದನ್ನು ಕೂಡಿಸಿ ಕಳಿಸಿದವರು ತೋಯಾಮಾ ಕ್ಯೂಜೋ. ಆ ಗುಂಪಿನ ಹಿಂದೆ ಸಾವಿರಗಟ್ಟಲೆ ಜನ ಬಂದರು. ಹೊನೊಲುಲುವಿಗೆ ಬಂದ ಹಡಗುಗಳ ಪಟ್ಟಿಯನ್ನು ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಆದರೆ ಸಿಕ್ಕಿದ್ದು ಒಂದು ದೊಡ್ಡ ಗುಡ್ಡೆ. ಆಗಿನ ಓಕಿನಾವಾದ ರೈತರ ಮನೆಗಳಲ್ಲಿ ಗಂಡಸರಿಗೆ ಕಮಾ, ಹೆಂಗಸರಿಗೆ ಉಶಿ, ಕಮದೊ, ಹೀಗೆ ಬೆರಳೆಣಿಕೆಯ ಹೆಸರುಗಳೇ ಮತ್ತೆ ಮತ್ತೆ. ನಮ್ಮ ಮುತ್ತಜ್ಜ ಕಮಾ, ಮುತ್ತಜ್ಜಿ ಉಶಿ. ಉಶಿ ಅಂದರೆ ದನ ಅಂತ ಅರ್ಥ. ಕಮಾ ಕನೆಶಿರೊ ಅಂತ ಹಾಕಿದರೆ ಪುಟಗಟ್ಟಲೆ ಜನ!

ಇಲ್ಲಿ ಎರಡು ವಿಷಯ ಕೈ ಹಿಡಿದವು. ಒಂದು, 1907ರಿಂದ ಆ ಪಟ್ಟಿಗಳಲ್ಲಿ ಊರಲ್ಲಿ ಬಿಟ್ಟು ಬಂದ ಹತ್ತಿರದ ಸಂಬಂಧಿಯ ಹೆಸರು, ವಿಳಾಸ ಬರೆಯುವ ಕಾಲಂ ಇದೆ. ಒರೊಕು ಅಂತ ಇದ್ದವರನ್ನು ಮಾತ್ರ ಇಟ್ಟುಕೊಂಡೆ, ಗುಡ್ಡೆ ಕರಗಿತು. ಇನ್ನೊಂದು ಸೌಂಡೆಕ್ಸ್. ಅಮೆರಿಕದ ಹಳೆಯ ದಾಖಲೆಗಳನ್ನು ಹೆಸರಿನ ಸದ್ದಿನ ಮೇಲೆ ಜೋಡಿಸುವ ಸಂಕೇತ ಅದು. ಮೊದಲ ಅಕ್ಷರ ಹಾಗೇ ಇರುತ್ತದೆ, ಸ್ವರಗಳು ಬಿದ್ದುಹೋಗುತ್ತವೆ, ವ್ಯಂಜನಕ್ಕೊಂದು ಅಂಕಿ. ಕನೆಶಿರೊ ಅಂದರೆ ಕೆ-526, ಕನಶಿರೊನೂ ಅದೇ, ಗಣತಿಯವನು ಕನಿಶಿರೊ ಅಂತ ಗೀಚಿದ್ದರೂ ಅದೇ. ಕಿಂಜೋ ಮಾತ್ರ ಕೆ-520. ಅಂದರೆ ಕಂಪ್ಯೂಟರ್ ಕಾಗುಣಿತದ ತಪ್ಪನ್ನು ಹಿಡಿಯುತ್ತದೆ, ಆದರೆ ಒಂದೇ ಅಕ್ಷರಗಳನ್ನು ಎರಡು ಥರ ಓದಿದ್ದನ್ನು ಅದು ಯಾವತ್ತೂ ಹಿಡಿಯುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೀವೇ ಹುಡುಕಬೇಕು.

ಮುತ್ತಜ್ಜ ಸಿಕ್ಕಿದ್ದು 1907ರ ಪಟ್ಟಿಯಲ್ಲಿ. ಮುತ್ತಜ್ಜಿ 1913ರಲ್ಲಿ, ಫೋಟೋ ನೋಡಿ ಒಪ್ಪಿದ ಮದುವೆ. ಆಗ ಹಾಗೆ ಬಂದ ಹೆಂಗಸರು ಬಹಳ. ಹೊಸ ಕೂಲಿಗಳು ಬರುವುದನ್ನು 1908ರ ಹೊತ್ತಿಗೆ ಎರಡು ಸರ್ಕಾರಗಳೂ ಮಾತಾಡಿಕೊಂಡು ನಿಲ್ಲಿಸಿದ್ದವು, ಹೆಂಡತಿಯಾಗಿ ಬರಲು ದಾರಿ ಇತ್ತು. ಮುತ್ತಜ್ಜನ ಹಿತ್ತಾಳೆ ಬಿಲ್ಲೆಯೂ ಮನೆಯಲ್ಲಿ ಸಿಕ್ಕಿತು. ಬಾಂಗೊ ಅಂತಾರೆ, ಅಂದರೆ ನಂಬರ್. ತೋಟದಲ್ಲಿ ಸಂಬಳ, ಅಂಗಡಿ ಸಾಲ ಎಲ್ಲ ಆ ನಂಬರಿಗೇ. ಹೆಸರು ಹೇಗೆ ಓದಬೇಕು ಅಂತ ಯಾರಿಗೆ ಬೇಕಿತ್ತು?

ಈಗ ಆ ಪ್ರಶ್ನೆಗೆ ಬರುತ್ತೇನೆ. ರ್ಯೂಕ್ಯೂ ದ್ವೀಪಗಳಲ್ಲಿ ಕಲ್ಲುಕೋಟೆಗೆ ಗುಸುಕು ಅನ್ನುತ್ತಾರೆ. ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಗುಸುಕುಗಳು ಇವೇ. ಅಲ್ಲಿನ ಮನೆತನದ ಹೆಸರುಗಳು ಹೆಚ್ಚಿನವು ಊರಿನ ಹೆಸರುಗಳು. ನಮ್ಮ ಹೆಸರಿನ ಹಳೆಯ ಉಚ್ಚಾರ ಕನಗುಸುಕು. ಅದೇ ಹೆಸರಿನ ಜಾಗ ಒಂದಕ್ಕಿಂತ ಹೆಚ್ಚಿವೆ. ರ್ಯೂಕ್ಯೂ ರಾಜರ ಶುರಿ ಅರಮನೆಯ ಕೆಳಗೆ ಒಂದು, ಒರೊಕುವಿನಲ್ಲಿ ಇನ್ನೊಂದು. ಹಾಗಾಗಿ ಈ ಹೆಸರಿನವರೆಲ್ಲ ಒಂದೇ ಕುಲ ಅಂದುಕೊಳ್ಳುವುದು ಸುಮ್ನೆ. ಜಪಾನಿನ ಆಡಳಿತ ಬಂದ ಮೇಲೆ ಶಾಲೆ, ಸೈನ್ಯ, ಕೆಲಸ ಎಲ್ಲ ಕಡೆ ಓಕಿನಾವಾದ ಸದ್ದು ಹೀನಾಯ ಅನ್ನಿಸಿಕೊಂಡಿತು. ಶಾಲೆಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ಹಲಗೆ ನೇತುಹಾಕುತ್ತಿದ್ದರು. ಹೆಸರಿನ ಅಕ್ಷರ ಹಾಗೇ ಇಟ್ಟು ಓದುವುದನ್ನು ಜಪಾನಿ ಮಾಡಿಕೊಂಡರು. ಕೋಟೆಯ ಅಕ್ಷರಕ್ಕೆ ಗುಸುಕು ಹೋಗಿ ಜಪಾನಿಯ ಶಿರೊ ಅಥವಾ ಜೋ ಬಂತು. ಒಂದು ದಾರಿ ಕನೆಶಿರೊ, ಇನ್ನೊಂದು ಕಿಂಜೋ. 1930ರ ದಶಕದಲ್ಲಿ ಈ ಬದಲಾವಣೆಗೆ ಚಳವಳಿಯ ಬಿಸಿಯೂ ಸೇರಿತು. ಊರಲ್ಲಿ ಕಿಂಜೋ ಗಟ್ಟಿಯಾಯಿತು. ಅದಕ್ಕೂ ಮುಂಚೆ ಹಡಗು ಹತ್ತಿದವರ ಮಕ್ಕಳು ಅಪ್ಪ ಬರೆಸಿದ ಕನೆಶಿರೊವನ್ನೇ ಇಟ್ಟುಕೊಂಡರು.

ಇದೊಂದೇ ಹೆಸರಿನ ಕಥೆಯಲ್ಲ. 2018ರಲ್ಲಿ ಓಕಿನಾವಾದ ಗವರ್ನರ್ ಆದವರು ಡೆನ್ನಿ ತಮಾಕಿ. ಅದೇ ಅಕ್ಷರದವರು ಹವಾಯಿಯಲ್ಲಿ ತಮಾಶಿರೊ. ಆ ಹೆಸರಿನ ಜಾಗವೋ, ತಮಾಗುಸುಕು ಆಗಿಯೇ ಉಳಿದಿದೆ. ಮೂರು ಓದು, ಒಂದೇ ಬರಹ.

ಇಷ್ಟು ದೊಡ್ಡ ಬದಲಾವಣೆಗೆ ಕಾಗದದ ಮೇಲೆ ಗುರುತು ಯಾಕಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಜಪಾನಿನ ಕುಟುಂಬ ದಾಖಲೆಗೆ ಕೊಸೆಕಿ ಅನ್ನುತ್ತಾರೆ. ಅದರಲ್ಲಿ ಹೆಸರಿನ ಅಕ್ಷರ ಇರುತ್ತಿತ್ತು, ಓದುವ ಬಗೆ ಇರುತ್ತಿರಲಿಲ್ಲ. 2025ರ ಮೇ 26ರಿಂದ ಮಾತ್ರ ಉಚ್ಚಾರವನ್ನೂ ಸೇರಿಸುವ ಕಾನೂನು ಜಾರಿಗೆ ಬಂತು. ಅಲ್ಲಿಯವರೆಗೆ ಓದು ಬದಲಾದರೂ ಕೊಸೆಕಿಯಲ್ಲಿ ಗುರುತು ಉಳಿಯುವ ಹಾಗಿರಲಿಲ್ಲ.

ಕೊಸೆಕಿಯ ಪ್ರತಿಯನ್ನು ನೇರ ವಂಶದವರು ಕೇಳಬಹುದು. ಮುಚ್ಚಿದ ಹಳೆಯ ದಾಖಲೆಯಾದರೆ ಒಂದಕ್ಕೆ 750 ಯೆನ್. ಬೇರೆ ಪ್ರಾಂತ್ಯದವರಾದರೆ ಅದೃಷ್ಟವಿದ್ದರೆ 1886ರ ಕಾಲದವರೆಗೂ ಹೋಗಬಹುದು. ಗಂಡನ ಕೈಯಲ್ಲಿ ಸಹಿ ಹಾಕಿಸಿ, ಜನನ ಪ್ರಮಾಣಪತ್ರಗಳ ಸರಪಳಿ ಜೋಡಿಸಿ ಕಳಿಸಿದೆ. ಯುದ್ಧಕ್ಕೆ ಹಿಂದಿನದು ಏನೂ ಇಲ್ಲ ಅಂತ ಉತ್ತರ ಬಂತು. 1945ರ ಯುದ್ಧದಲ್ಲಿ ಓಕಿನಾವಾ ಮುಖ್ಯ ದ್ವೀಪದ ದಾಖಲೆಗಳು ಸುಟ್ಟುಹೋದವು, ಈಗಿರುವುದು ಆಮೇಲೆ ಬದುಕುಳಿದವರ ನೆನಪಿನಿಂದ ಮತ್ತೆ ಬರೆದದ್ದು. ಆ ದಿನ ನಿಜಕ್ಕೂ ಕೈಬಿಟ್ಟೆ. ಮೂರು ತಿಂಗಳು ಫೈಲ್ ತೆರೆಯಲಿಲ್ಲ.

ಮತ್ತೆ ತೆರೆಸಿದವರು ಆಂಟಿ. ಗಂಡನ ಅಜ್ಜನ ಕೊನೆಯ ತಂಗಿ, 93 ವರ್ಷ. ಹೊಸ ವರ್ಷದ ಊಟಕ್ಕೆ ಹೋದಾಗ ಯಾವುದೋ ಮಾತಿಗೆ ಅವರು, "ಅಪ್ಪ ಕುಡಿದಾಗ ಎದೆ ತಟ್ಟಿಕೊಂಡು, ನಾವು ಅಗರಿಯವರು, ಅಗರಿಯವರು ಅಂತಿದ್ದ. ಏನೋ ಬೈಗುಳ ಇರಬೇಕು ಅಂದುಕೊಂಡಿದ್ದೆವು" ಅಂದರು.

ನನಗೆ ಕೈಯಲ್ಲಿದ್ದ ತಟ್ಟೆ ಬೀಳುವುದೊಂದು ಬಾಕಿ. ಅಗರಿ ಅನ್ನುವ ಹೆಸರು ನಮ್ಮ ಕರಾವಳಿಯಲ್ಲೂ ಉಂಟು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಬಿಡಿ. ಆದರೆ "ನಾವು ಇಂಥವರು" ಅಂತ ಎದೆ ತಟ್ಟಿಕೊಳ್ಳುವ ಧಾಟಿ ನನಗೆ ಗೊತ್ತು. ನಮ್ಮೂರಲ್ಲಿ ಒಂದೇ ಜಾತಿ ಹೆಸರಿನ ಇಪ್ಪತ್ತು ಮನೆ ಇದ್ದರೆ ಗುರುತು ಹಿಡಿಯುವುದು ಮನೆ ಹೆಸರಿನಿಂದ ತಾನೇ? ಅಲ್ಲೂ ಹಾಗೇ ಇರಬೇಕು ಅನ್ನಿಸಿತು. ಇತ್ತು. ಯಾಗೊ ಅನ್ನುತ್ತಾರೆ. ಅಗರಿ ಅಂದರೆ ಓಕಿನಾವಾ ಮಾತಿನಲ್ಲಿ ಪೂರ್ವ, ಸೂರ್ಯ ಏಳುವ ದಿಕ್ಕು. ಇರಿ ಅಂದರೆ ಪಶ್ಚಿಮ. ತಮಾಷೆ ಅಂದರೆ ಜಪಾನಿಯಲ್ಲಿ ಪಶ್ಚಿಮಕ್ಕೆ ಹೇಳುವ ನಿಶಿ ಅಲ್ಲಿ ಉತ್ತರ, ಅನುವಾದದ ಆ್ಯಪ್ ನಂಬಿದರೆ ಮನೆಯೇ ದಿಕ್ಕು ತಪ್ಪುತ್ತದೆ. ಊರೆಲ್ಲ ಕಿಂಜೋಗಳೇ ಇರುವ ಕಡೆ ಪೂರ್ವದ ಮನೆಯವರು ಅನ್ನುವುದೇ ನಿಜವಾದ ವಿಳಾಸ.

ಓಕಿನಾವಾ ಪ್ರಾಂತ್ಯದ ಗ್ರಂಥಾಲಯ ನಾಹಾದಲ್ಲಿದೆ. ಹೊರದೇಶಕ್ಕೆ ಹೋದವರ ಬೇರು ಹುಡುಕಲು ಅವರು ನೆರವಾಗುತ್ತಾರೆ. ಅಕ್ಷರ, ಊರು, ಹಡಗಿನ ವರ್ಷ, ಯಾಗೊ, ಈ ನಾಲ್ಕನ್ನೂ ಬರೆದು ಕಳಿಸಿದೆ. ಅಲ್ಲಿ ಒಂದೊಂದು ಹಳ್ಳಿಯೂ ತನ್ನದೇ ಇತಿಹಾಸದ ಪುಸ್ತಕ ಅಚ್ಚು ಹಾಕಿಸುತ್ತದೆ. ಯುದ್ಧಕ್ಕೆ ಮುಂಚಿನ ಮನೆಗಳ ನಕ್ಷೆಯನ್ನು ಹಿರಿಯರ ನೆನಪಿನಿಂದ ಬರೆಸಿ, ಪ್ರತಿ ಚೌಕದಲ್ಲೂ ಯಾಗೊ ಹಾಕಿರುತ್ತಾರೆ. ಸರ್ಕಾರದ ಕಾಗದ ಸುಟ್ಟರೂ ಇದು ಉಳಿದಿತ್ತು. ಕೆಲವು ವಾರದ ಮೇಲೆ ನಕ್ಷೆಯ ಒಂದು ಪುಟ ಬಂತು, ಒಂದು ಚೌಕಕ್ಕೆ ಪೆನ್ಸಿಲ್ ಗುರುತು. ಅಗರಿ.

ಒರೊಕು 1954ರಲ್ಲಿ ನಾಹಾ ನಗರಕ್ಕೆ ಸೇರಿದೆ, ಹಳೆಯ ಮನೆ ಯಾವುದೂ ಇಲ್ಲ. ಆದರೆ ಮನೆಯವರು ಇದ್ದಾರೆ. ಮುತ್ತಜ್ಜನ ಅಣ್ಣನ ಮೊಮ್ಮಗ, 78 ವರ್ಷ, ಕಿಂಜೋ ಸಾನ್. ವಿಡಿಯೋ ಕಾಲ್‌ನಲ್ಲಿ ಮಗ ಟೀಚರ್ ಕಲಿಸಿದ ಜಪಾನೀಸಿನಲ್ಲಿ, "ನನ್ನ ಹೆಸರು ಕನೆಶಿರೊ" ಅಂದ. ಅವರು ನಕ್ಕು, ಹೆಸರಿನ ಉಚ್ಚಾರ ಸರಿಯೇ ಅಂತ ಕೇಳಿ ಸರ್ಕಾರದಿಂದ ಬಂದ ಕಾಗದವನ್ನು ಕ್ಯಾಮೆರಾ ಮುಂದೆ ಹಿಡಿದರು. ಕಿಂಜೋ ಅಂತ ಅಚ್ಚಾಗಿತ್ತು. "ನಮ್ಮಜ್ಜಿ ಇದ್ದಿದ್ದರೆ ಇದೂ ತಪ್ಪು ಅಂತಿದ್ದಳು" ಅಂದರು. ಅಜ್ಜಿ ಕೊನೆಯವರೆಗೂ ಹೇಳಿದ್ದು ಕನಗುಸುಕು ಅಂತಲೇ ಅಂತೆ.

ಕಾಲ್ ಮುಗಿಯುವ ಮುಂಚೆ ಇನ್ನೊಂದು ಎಳೆ ಕೊಟ್ಟರು. ಮುತ್ತಜ್ಜನ ತಮ್ಮನೊಬ್ಬ ಬ್ರೆಜಿಲ್‌ಗೆ ಹೋದವನು ಕಾಗದ ಬರೆಯುವುದನ್ನೇ ನಿಲ್ಲಿಸಿದನಂತೆ. ಅವನ ಹೆಸರು ಕೇಳಿದೆ. ಕಮಾ ಅಲ್ಲವಲ್ಲ, ಸದ್ಯ! ಈಗ ಪೋರ್ಚುಗೀಸ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಸಾಂತೋಸ್ ಬಂದರಿನ ಪಟ್ಟಿಗಳಲ್ಲಿ ಕನಶಿರೊಗಳನ್ನು ನೋಡುತ್ತಿದ್ದೇನೆ, ಇವತ್ತಿಗೆ 1917ರವರೆಗೆ ಬಂದಿದ್ದೇನೆ.