ಕಣ್ಣಿಂದ ಮಿದುಳಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ವಿಇಪಿ ಪರೀಕ್ಷೆ ನಡೆಯುವುದು ಹೀಗೆ

ಕಣ್ಣು ಮಂಜಾಗಿದೆ ಎಂದು ಹೋದವರಿಗೆ ಕೆಲವೊಮ್ಮೆ ಕಣ್ಣಿನ ಡಾಕ್ಟರು ಎಲ್ಲ ನೋಡಿ, 'ಕಣ್ಣೇನೋ ಚೆನ್ನಾಗಿದೆ, ನರ ಹೇಗಿದೆ ನೋಡೋಣ, ಒಂದು ವಿಇಪಿ ಮಾಡಿಸಿ' ಎಂದು ಚೀಟಿ ಬರೆದುಕೊಡುತ್ತಾರೆ. ಮನೆಯವರಿಗೆ ಗಾಬರಿ. ತಲೆಗೆ ವೈರು ಅಂಟಿಸ್ತಾರಂತೆ, ಕರೆಂಟು ಕೊಡ್ತಾರಾ? ಇಲ್ಲ. ಆ ವೈರುಗಳು ಮಿದುಳಿನಿಂದ ಹೊರಡುವ ಪುಟ್ಟ ವಿದ್ಯುತ್ತನ್ನು ಹಿಡಿದುಕೊಳ್ಳುತ್ತವೆ ಅಷ್ಟೇ, ಒಳಗೆ ಏನನ್ನೂ ಬಿಡುವುದಿಲ್ಲ. ನೋವಿಲ್ಲ.

ಕಣ್ಣಿನೊಳಗಿನ ಪರದೆಯಿಂದ (ರೆಟಿನಾ) ಹೊರಡುವ ದೃಷ್ಟಿನರದಲ್ಲಿ ಸುಮಾರು 12 ಲಕ್ಷ ಎಳೆಗಳಿವೆ. ದಾರಿಯಲ್ಲಿ ಅರ್ಧದಷ್ಟು ಎಳೆಗಳು ಆ ಕಡೆಯಿಂದ ಈ ಕಡೆಗೆ ದಾಟಿ, ಕೊನೆಗೆ ತಲೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗಕ್ಕೆ ಸುದ್ದಿ ಮುಟ್ಟಿಸುತ್ತವೆ. ಈ ಇಡೀ ದಾರಿ ಸರಿಯಿದೆಯಾ, ಸುದ್ದಿ ತಡವಾಗುತ್ತಿದೆಯಾ ಎಂಬುದನ್ನು ಅಳೆಯುವುದೇ ವಿಇಪಿ (ವಿಷುಯಲ್ ಇವೋಕ್ಡ್ ಪೊಟೆನ್ಶಿಯಲ್). ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಪರೀಕ್ಷೆ.

ಮನೆಯಿಂದ ಹೊರಡುವ ಮುಂಚೆ

ತಲೆಗೆ ಸ್ನಾನ ಮಾಡಿ ಬನ್ನಿ, ಎಣ್ಣೆ ಮಾತ್ರ ಹಚ್ಚಬೇಡಿ. ಎಣ್ಣೆಯ ಮೇಲೆ ಎಲೆಕ್ಟ್ರೋಡ್, ಅಂದರೆ ತಲೆಗೆ ಅಂಟಿಸುವ ವೈರಿನ ತುದಿ, ಸರಿಯಾಗಿ ಕೂರುವುದಿಲ್ಲ. ಹೂವು, ಕ್ಲಿಪ್ಪು, ಬಿಗಿ ಜಡೆ ಬೇಡ. ಕನ್ನಡಕ ಇದ್ದರೆ ಮರೆಯದೆ ತನ್ನಿ. ಪರೀಕ್ಷೆಯಲ್ಲಿ ತೋರಿಸುವ ಕಪ್ಪು-ಬಿಳಿ ಚೌಕಳಿ ಕನ್ನಡಕವಿಲ್ಲದೆ ಮಸುಕಾಗಿ ಕಂಡರೆ, ಮಿದುಳಿನಿಂದ ದಾಖಲಾಗುವ ವಿದ್ಯುತ್ತಿನ ಅಲೆ ಕುಗ್ಗುತ್ತದೆ, ತಡವೂ ಆಗುತ್ತದೆ. ನರಕ್ಕೆ ಏನೂ ಆಗದಿದ್ದರೂ ರಿಪೋರ್ಟು ಕೆಟ್ಟದಾಗಿ ಬರುತ್ತದೆ. ಅದೇ ಕಾರಣಕ್ಕೆ ಅವತ್ತು ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿಕೊಂಡು ಬರಬೇಡಿ. ಚೆನ್ನಾಗಿ ನಿದ್ದೆ ಮಾಡಿ ಬನ್ನಿ.

ಟೇಪು ಹಿಡಿದು ಅಳೆಯುವುದು

ಇದು ನೋಡಲು ತೀರಾ ಸಾದಾ ಕೆಲಸ. ಆದರೆ ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಮೂಗಿನ ಬುಡದ ತಗ್ಗಿನಿಂದ ನೆತ್ತಿಯ ಮೇಲೆ ಹಾಯಿಸಿ ಹಿಂದಲೆಯ ಮೂಳೆಯ ಉಬ್ಬಿನವರೆಗೆ ಟೇಪು ಹಿಡಿಯಬೇಕು. ಆ ಉಬ್ಬನ್ನು ಬೆರಳಿನಿಂದ ತಡವಿಯೇ ಹುಡುಕಬೇಕು. ಅಳತೆ 36 ಸೆಂಟಿಮೀಟರ್ ಬಂತು ಅನ್ನಿ. ಅದರ ಶೇ 10, ಅಂದರೆ ಉಬ್ಬಿನಿಂದ 3.6 ಸೆಂಟಿಮೀಟರ್ ಮೇಲಕ್ಕೆ ಮುಖ್ಯ ಎಲೆಕ್ಟ್ರೋಡ್. ಇದರ ಹೆಸರು ಓಜ಼ಡ್. ಮೂಗಿನ ಬುಡದಿಂದ ಶೇ 30, ಅಂದರೆ 10.8 ಸೆಂಟಿಮೀಟರ್ ಹಿಂದಕ್ಕೆ ಹೋಲಿಕೆಯ ಎಲೆಕ್ಟ್ರೋಡ್, ಎಫ್‌ಜ಼ಡ್. ಮೂರನೆಯದು ಅರ್ತಿಂಗ್, ನೆತ್ತಿಯ ಮೇಲೋ ಕಿವಿಯ ಹಾಲೆಗೋ.

ಅಂಟಿಸುವ ಜಾಗದಲ್ಲಿ ಕೂದಲು ಬಿಡಿಸಿ, ಚರ್ಮವನ್ನು ಹಗುರಾಗಿ ಉಜ್ಜಿ ಸ್ವಚ್ಛ ಮಾಡಿ, ಪೇಸ್ಟ್ ತುಂಬಿದ ಬಟ್ಟಲಿನಂಥ ಎಲೆಕ್ಟ್ರೋಡ್ ಒತ್ತುತ್ತಾರೆ. ಆಮೇಲೆ ಚರ್ಮದ ತಡೆ ಎಷ್ಟಿದೆ ಅಂತ ಮೆಷಿನ್ನಿನಲ್ಲಿ ನೋಡುತ್ತಾರೆ. 5 ಕಿಲೋಓಮ್‌ಗಿಂತ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಮತ್ತೆ ಉಜ್ಜುವುದೇ ದಾರಿ. ಸ್ವಲ್ಪ ಉರಿದೀತು, ಸಹಿಸಿಕೊಳ್ಳಿ.

ಚೌಕಳಿ ನೋಡುವುದು

ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನ ದೂರದಲ್ಲಿ ಪರದೆ. ಅದರ ಮೇಲೆ ಚದುರಂಗದ ಮಣೆಯಂಥ ಕಪ್ಪು-ಬಿಳಿ ಚೌಕಗಳು. ಸೆಕೆಂಡಿಗೆ ಎರಡು ಸಲ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಇಡೀ ಪರದೆಯ ಬೆಳಕು ಮಾತ್ರ ಹೆಚ್ಚುಕಡಿಮೆ ಆಗಬಾರದು. ಮೊದಲು ಕಣ್ಣಿಗೆ ಒಂದು ಡಿಗ್ರಿ ಕೋನದಷ್ಟು ಕಾಣುವ ದೊಡ್ಡ ಚೌಕ, ಆಮೇಲೆ ಕಾಲು ಡಿಗ್ರಿಯ ಸಣ್ಣ ಚೌಕ. ಒಂದು ಮೀಟರ್ ದೂರದಲ್ಲಿ ಇವುಗಳ ಬದಿ ಸುಮಾರು 17.5 ಮಿಲಿಮೀಟರ್ ಮತ್ತು 4.4 ಮಿಲಿಮೀಟರ್. ಕುರ್ಚಿ ಮುಂದೆ ಹಿಂದೆ ಸರಿದರೆ ಈ ಲೆಕ್ಕ ಕೆಡುತ್ತದೆ, ಆದ್ದರಿಂದ ದೂರವನ್ನೂ ಅಳೆದೇ ಇಡಬೇಕು.

ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದರಿಂದ ನೋಡಿಸುತ್ತಾರೆ. 'ಅಮ್ಮಾ, ಮಧ್ಯದ ಚುಕ್ಕೆ ಬಿಟ್ಟು ಬೇರೆಲ್ಲೂ ನೋಡಬೇಡಿ. ಹಲ್ಲು ಕಚ್ಚಬೇಡಿ, ಕತ್ತು ಸಡಿಲ ಬಿಡಿ.' ಇದನ್ನು ಸುಮ್ನೆ ಹೇಳುವುದಲ್ಲ. ಕತ್ತು ಬಿಗಿಯಾದರೆ ಸ್ನಾಯುವಿನ ಗದ್ದಲ ಅಲೆಯನ್ನು ಮುಚ್ಚಿಬಿಡುತ್ತದೆ. ತೂಕಡಿಕೆ ಬಂದು ನೋಟ ಚುಕ್ಕೆ ಬಿಟ್ಟರೆ ಅಲೆ ಚಪ್ಪಟೆಯಾಗುತ್ತದೆ. ಒಳ್ಳೆಯ ಟೆಕ್ನಿಷಿಯನ್ ಕಂಪ್ಯೂಟರಿಗಿಂತ ಜಾಸ್ತಿ ರೋಗಿಯ ಕಣ್ಣನ್ನೇ ನೋಡುತ್ತಿರುತ್ತಾರೆ. ನನ್ನ ಮಟ್ಟಿಗೆ ಮೆಷಿನ್ನಿನ ಬೆಲೆಗಿಂತ ಇದು ಮುಖ್ಯ.

ಬೇಕಾದ ಅಲೆ ಇರುವುದು ಕೆಲವೇ ಮೈಕ್ರೋವೋಲ್ಟ್. ಮಿದುಳಿನ ಬೇರೆ ವಿದ್ಯುತ್ತಿನ ಅಬ್ಬರ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಒಂದೇ ಸಲ ನೋಡಿದರೆ ಏನೂ ಕಾಣದು. ಹಾಗಾಗಿ ಚೌಕಳಿ ಬದಲಾದ ಪ್ರತಿ ಸಲದ ದಾಖಲೆಯನ್ನು ಸೇರಿಸಿ ಸರಾಸರಿ ತೆಗೆಯುತ್ತಾರೆ. ಅಬ್ಬರ ಪ್ರತಿ ಸಲ ಬೇರೆ ಬೇರೆ, ಅದು ಒಂದನ್ನೊಂದು ಅಳಿಸಿಕೊಳ್ಳುತ್ತದೆ. ನಿಜವಾದ ಅಲೆ ಪ್ರತಿ ಸಲ ಅದೇ ಹೊತ್ತಿಗೆ ಬರುತ್ತದೆ, ಅದು ಉಳಿಯುತ್ತದೆ. 100 ಸಲ ಸೇರಿಸಿದರೆ ಅಬ್ಬರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ಬೇಕಾದ ಸಮಯ ಬರೀ 50 ಸೆಕೆಂಡ್. ಆಮೇಲೆ ಅದೇ ಕಣ್ಣಿಗೆ ಮತ್ತೊಮ್ಮೆ ಮಾಡಿ, ಎರಡು ಗೆರೆಗಳನ್ನು ಒಂದರ ಮೇಲೊಂದಿಟ್ಟು ನೋಡಬೇಕು. ಹೊಂದದಿದ್ದರೆ ಅದನ್ನು ನಂಬುವಂತಿಲ್ಲ.

ಗೆರೆ ಓದುವುದು

ಚೌಕಳಿ ಬದಲಾದ ಮೇಲೆ ಗೆರೆ ಸುಮಾರು 75 ಮಿಲಿಸೆಕೆಂಡಿನಲ್ಲಿ (ಸೆಕೆಂಡಿನ ಸಾವಿರದಲ್ಲೊಂದು ಪಾಲು ಒಂದು ಮಿಲಿಸೆಕೆಂಡ್) ಒಂದು ದಿಕ್ಕಿಗೆ ಬಾಗಿ, 100ರ ಹತ್ತಿರ ಎದುರು ದಿಕ್ಕಿಗೆ ದೊಡ್ಡ ಶಿಖರ ಏರಿ, 135ರ ಸುಮಾರಿಗೆ ಮತ್ತೆ ತಿರುಗುತ್ತದೆ. ಆ ಶಿಖರವೇ ಪಿ100. ಅದು ಯಾವಾಗ ಬಂತು, ಎಷ್ಟು ಎತ್ತರ ಇದೆ, ಎರಡೂ ಕಣ್ಣಿಗೆ ಒಂದೇ ಥರ ಇದೆಯಾ ಎಂದು ನೋಡುತ್ತಾರೆ. ಸರಿ-ತಪ್ಪಿನ ಗಡಿ ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಯಾಕೆಂದರೆ ಪರದೆ, ಬೆಳಕು, ಫಿಲ್ಟರ್ ಬೇರೆ. ಇಂಟರ್ನೆಟ್‌ನಲ್ಲಿ ಸಿಕ್ಕ ಸಂಖ್ಯೆ ಹಿಡಿದು ನಿಮ್ಮ ರಿಪೋರ್ಟನ್ನು ಅಳೆಯಬೇಡಿ.

ನರದ ಮೇಲಿನ ಮೈಲಿನ್ ಕವಚ ಹಾಳಾದರೆ ಶಿಖರ ತಡವಾಗಿ ಬರುತ್ತದೆ, ಆಕಾರ ಬಹುಪಾಲು ಉಳಿದಿರುತ್ತದೆ. ಎಳೆಗಳೇ ಸತ್ತರೆ ಎತ್ತರ ಕುಗ್ಗುತ್ತದೆ. ಲಂಡನ್ನಿನಲ್ಲಿ ಹ್ಯಾಲಿಡೇ, ಮೆಕ್‌ಡೊನಾಲ್ಡ್ ಮತ್ತು ಮುಶಿನ್ 1972ರಲ್ಲಿ ದೃಷ್ಟಿನರದ ಉರಿಯೂತ ಆದವರಲ್ಲಿ ಈ ತಡವನ್ನು ತೋರಿಸಿಕೊಟ್ಟರು. ದೃಷ್ಟಿ ಮರಳಿದ ಮೇಲೂ ತಡ ಹಾಗೇ ಉಳಿಯುವುದು ಸಾಮಾನ್ಯ. ಹಾಗಾಗಿ ಯಾವತ್ತೋ ಆಗಿ ವಾಸಿಯಾದ ಪೆಟ್ಟನ್ನೂ ಇದು ಹಿಡಿಯುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ (ಈ ಮೈಲಿನ್ ಕವಚವೇ ಹಾಳಾಗುವ ಕಾಯಿಲೆ) ಅನುಮಾನ ಇದ್ದಾಗ ಇದಕ್ಕಿರುವ ಬೆಲೆ ಅದೇ.

ಒಂದೇ ಕಣ್ಣಿನದು ಕೆಟ್ಟಿದ್ದರೆ ತೊಂದರೆ ನರಗಳು ದಾಟುವ ಜಾಗಕ್ಕಿಂತ ಮುಂಚೆ ಇದೆ. ಎರಡರದೂ ಕೆಟ್ಟಿದ್ದರೆ ಎಲ್ಲಿ ಎಂದು ಇಷ್ಟರಿಂದಲೇ ಹೇಳಲಾಗದು. ಕಣ್ಣಿನೊಳಗಿನ ಪರದೆಯ ಕಾಯಿಲೆಯೂ ತಡ ಮಾಡಬಲ್ಲದು, ಅದಕ್ಕೆ ಇಆರ್‌ಜಿ ಎಂಬ ಬೇರೆ ಪರೀಕ್ಷೆ ಬೇಕಾಗುತ್ತದೆ.

ಚುಕ್ಕೆ ನೋಡಲಾಗದ ಕೂಸುಗಳಿಗೆ, ದೃಷ್ಟಿ ತೀರಾ ಕಡಿಮೆ ಇರುವವರಿಗೆ ಚೌಕಳಿ ಬದಲು ಬೆಳಕಿನ ಮಿಂಚು ತೋರಿಸುತ್ತಾರೆ. ಅದರ ಗೆರೆ ಜನರಿಂದ ಜನರಿಗೆ ಬಹಳ ಬದಲಾಗುತ್ತದೆ. ಸುದ್ದಿ ಮುಟ್ಟುತ್ತಿದೆಯೋ ಇಲ್ಲವೋ ಎಂಬಷ್ಟಕ್ಕೆ ಅದು ಸಾಕು.

ಕ್ಷಯದ ಮಾತ್ರೆಗಳಲ್ಲಿ ಎಥಾಂಬ್ಯುಟಾಲ್ ಇದೆಯಲ್ಲ, ಅದು ಕೆಲವರಲ್ಲಿ ದೃಷ್ಟಿನರಕ್ಕೆ ತೊಂದರೆ ಕೊಡುತ್ತದೆ. ಬಣ್ಣ ಮಸುಕಾಗಿ ಕಂಡರೆ ಪರೀಕ್ಷೆಗೆ ಕಾಯದೆ ತಕ್ಷಣ ಡಾಕ್ಟರಿಗೆ ಹೇಳಿ. ಮುಂದೆ ಮತ್ತೆ ವಿಇಪಿ ಮಾಡಿಸುವುದಾದರೆ ಆದಷ್ಟು ಅದೇ ಲ್ಯಾಬಿನಲ್ಲಿ ಮಾಡಿಸಿ, ಹಳೆಯ ಗೆರೆಯ ಕಾಗದವನ್ನೂ ಜೊತೆಗೆ ಒಯ್ಯಿರಿ.